ದವಾಖಾನಿ ಯಾರ ಓಣ್ಯಾಗ ಐತಿ?

ನಮ್ಮ ಆಯಿ ಸಾಯೋತನಕ 'ಆಸ್ಪತ್ರೆ' ಅನ್ನಲಿಲ್ಲ, 'ದವಾಖಾನಿ' ಅಂತಿದ್ದಳು. ನಿಜಾಮ ಹೋದ, ಜಹಗೀರು ಹೋಯಿತು, ಉರ್ದು ಕಾಗದಪತ್ರ ಹೋದವು. ಈ ಮಾತು ಮಾತ್ರ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಬಾಯಲ್ಲಿ ಉಳಿಯಿತು. "ದವಾಖಾನಿ ನಮ್ಮ ಸಲುವಾಗಿ ಕಟ್ಟಿದ್ದಲ್ಲೋ ಯಪ್ಪಾ, ಕಟ್ಟಿದ ಮ್ಯಾಲ ನಾವ ಹೋಗಿ ಬಾಗಲದಾಗ ನಿಂತಿವಿ" ಎನ್ನುತ್ತಿದ್ದಳು. ಓದುಬರಹ ಬಾರದ ಆಕೆಯ ಈ ಒಂದು ಮಾತನ್ನು ನಾನು ಇತಿಹಾಸದ ಪ್ರಶ್ನೆಯನ್ನಾಗಿ ಎತ್ತಿಕೊಂಡಿದ್ದೇನೆ.

ವಿಮರ್ಶೆಯೆಂದರೆ ಕತೆ, ಕವಿತೆ, ಕಾದಂಬರಿಗಳ ಓದು ಎಂದೇ ನಮ್ಮ ವಿಶ್ವವಿದ್ಯಾಲಯಗಳು ಕಲಿಸಿವೆ. ಸರ್ಕಾರದ ಆದೇಶವೂ ಒಂದು ಬರಹವೇ ಅಲ್ಲವೇ? ಬಜೆಟ್ಟೂ ಒಂದು ಕಥನವೇ. ಅದರಲ್ಲೂ ನಾಯಕರಿದ್ದಾರೆ, ಹೆಸರಿಲ್ಲದೆ ಸಾಯುವ ಪಾತ್ರಗಳಿವೆ. ದಲಿತ ವಿಮರ್ಶೆ ಆ ಬರಹಗಳನ್ನೂ ಓದಬೇಕು. ಯಾಕಂದ್ರ ನಮ್ಮ ಸಾವುಗಳನ್ನು ಬರೆದದ್ದು ಕಾದಂಬರಿಕಾರರಿಗಿಂತ ಹೆಚ್ಚಾಗಿ ಕಚೇರಿಗಳು.

ಮೊದಲು ಜಹಗೀರಿನ ಕಾಲ. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರಜಂಗ್ ಮನೆತನದ ಜಹಗೀರು. ಜಹಗೀರಿನಲ್ಲಿ ಕಂದಾಯ, ಕಚೇರಿ, ಪೋಲೀಸು ಎಲ್ಲ ಜಹಗೀರುದಾರನವೇ. ಜನರ ಜಡ್ಡು-ಜಾಪತ್ರೆ ನೋಡುವುದು ಧಣಿಯ ಧರ್ಮವಾಗಿತ್ತೇ ಹೊರತು ಪ್ರಜೆಯ ಹಕ್ಕಾಗಿರಲಿಲ್ಲ. 1908ರ ಮೂಸಿ ಪ್ರವಾಹದ ನಂತರದ ವರ್ಷಗಳಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ಆಸ್ಪತ್ರೆಯಂಥ ದೊಡ್ಡ ಕಟ್ಟಡ ಎದ್ದಿತು. ರೈತನ ಕಂದಾಯ ರಾಜಧಾನಿಗೆ ಹೋಗುತ್ತಿತ್ತು, ಔಷಧಿ ತಿರುಗಿ ಬರುತ್ತಿರಲಿಲ್ಲ. ನಮ್ಮ ಕೇರಿಗೆ ಇದ್ದ ದವಾಖಾನಿ ಅಂದರೆ ನಮ್ಮ ಆಯಿಯಂಥ ಸೂಲಗಿತ್ತಿಯರು. ಹೆರಿಗೆಯ ಮೈಲಿಗೆ ಮುಟ್ಟಲು ಊರಿಗೆ ನಮ್ಮ ಕೈ ಬೇಕಿತ್ತು. ಹೊಕ್ಕಳಬಳ್ಳಿ ಕೊಯ್ದ ಅದೇ ಕೈ ಮರುದಿನ ಅದೇ ಮನೆಯ ನೀರಿನ ಕೊಡ ಮುಟ್ಟುವಂತಿರಲಿಲ್ಲ.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿಯಿತು. 1949ರಲ್ಲಿ ಜಹಗೀರು ರದ್ದಾದವು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೆ ಜಿಲ್ಲಾ ಕೇಂದ್ರ ರಾಯಚೂರೇ ಉಳಿಯಿತು. ಕೊಪ್ಪಳದಿಂದ ಅದು ನೂರೈವತ್ತು ಕಿಲೋಮೀಟರಿಗೂ ದೂರ, ಯಲಬುರ್ಗಾದವರಿಗೂ ದೂರವೇ. ಜಡ್ಡಾದವರು ಹೋಗುತ್ತಿದ್ದದ್ದು ಗದಗಿಗೆ, ಹುಬ್ಬಳ್ಳಿಗೆ, ಬಳ್ಳಾರಿಗೆ. ಅರ್ಜಿ ಹೋಗುತ್ತಿದ್ದದ್ದು ರಾಯಚೂರಿಗೆ. ಹೆಣ ಒಂದು ದಿಕ್ಕಿಗೆ, ಕಾಗದ ಇನ್ನೊಂದು ದಿಕ್ಕಿಗೆ! 1997ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯಾಗುವವರೆಗೆ ನಾಲ್ಕು ದಶಕ ಹೀಗೇ ನಡೆಯಿತು.

ಇನ್ನು ಸಂವಿಧಾನದ ಕಡೆ ಬರೋಣ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯ ಪಟ್ಟಿಗೆ ಸೇರಿದ ವಿಷಯ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿಯಲ್ಲಿ, ಕುಟುಂಬ ಯೋಜನೆಯನ್ನು ಸಮವರ್ತಿ ಪಟ್ಟಿಗೆ ಹಾಕಿದರು. ಬಡವನ ಕೆಮ್ಮು, ಜ್ವರ, ಬೇಧಿ ರಾಜ್ಯದ ಪಾಲಿಗೆ ಉಳಿದವು, ಬಡವನ ಸಂತಾನದ ಲೆಕ್ಕಕ್ಕೆ ದಿಲ್ಲಿಯೂ ಪಾಲುದಾರನಾಯಿತು. ಉಪಕೇಂದ್ರದ ನರ್ಸಬಾಯಿಯ ಪಗಾರ ಬಂದದ್ದು ಕುಟುಂಬ ಕಲ್ಯಾಣದ ಕೇಂದ್ರ ಹಣದಿಂದ. ಆಕೆಯ ಕೆಲಸ ಅಳೆದದ್ದು ಆಪರೇಶನ್ನಿನ 'ಟಾರ್ಗೆಟ್'ನಿಂದ. 1996ರಲ್ಲಿ ಟಾರ್ಗೆಟ್ ಕೈಬಿಟ್ಟರೆಂದು ಕಾಗದ ಹೇಳಿತು. ಅಲ್ಲಿತನಕ ನಮ್ಮ ಕೇರಿಗೆ ಜೀಪು ಬಂದರೆ ಅದು ಜ್ವರ ನೋಡಲು ಬಂದಿದೆ ಎಂದು ಯಾರೂ ತಿಳಿಯುತ್ತಿರಲಿಲ್ಲ. ಹೆಣ್ಣುಮಕ್ಕಳು ಹೊಲದ ಕಡೆ ಓಡುತ್ತಿದ್ದರು.

ಅದೇ 1996ರ ಮಳೆಗಾಲದಲ್ಲಿ ನನ್ನ ಚಿಗವ್ವ ತೀರಿಕೊಂಡಳು. ಎರಡನೇ ಹೆರಿಗೆ, ರಕ್ತ ನಿಲ್ಲಲಿಲ್ಲ. ನಮ್ಮವರು ದೆವ್ವ-ದೇವರು ಅಂತ ಕೂತಿರಲಿಲ್ಲ, ಚಕ್ಕಡಿ ಕಟ್ಟಿದರು. ಮೊದಲ ದವಾಖಾನಿಯಲ್ಲಿ ಡಾಕ್ಟರಿಲ್ಲ, ಎರಡನೆಯದರಲ್ಲಿ ರಕ್ತ ಇಲ್ಲ, ಮೂರನೆಯದರಲ್ಲಿ ಚೀಟಿ ಬರೆದು "ಮುಂದ ಒಯ್ರಿ" ಅಂದರು. ಮುಂದೆ ಅಂದರೆ ಎಲ್ಲಿಗೆ? ದಾರಿಯಲ್ಲೇ ಎಲ್ಲ ಮುಗಿಯಿತು. ಮನೆಗೆ ಬಂದ ಅಧಿಕಾರಿಯೊಬ್ಬರು "ಅಜ್ಞಾನ, ತಡಮಾಡಿ ಬಂದರು" ಎಂದು ಬರೆದುಕೊಂಡು ಹೋದರು. ನಮ್ಮ ಸಾವಿಗೆ ನಾವೇ ಅಪರಾಧಿಗಳಾದೆವು.

ಈ ಮಾತು ನಮ್ಮೊಂದು ಮನೆಯ ದುಃಖ ಅಂತ ಬಹಳ ದಿನ ತಿಳಿದಿದ್ದೆ. ಬೆಂಗಳೂರಿನ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಕೊಪ್ಪಳ ಜಿಲ್ಲೆಯಲ್ಲೇ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಬರಹಗಳು ಕಣ್ಣು ತೆರೆಸಿದವು. ಬಾಣಂತಿಯರು ಚಿಕಿತ್ಸೆ ಹುಡುಕಿಕೊಂಡು ಹೋಗಿಯೂ ಸತ್ತಿದ್ದರು. ಒಂದೆಡೆಯಿಂದ ಇನ್ನೊಂದೆಡೆಗೆ ಗೊತ್ತುಗುರಿಯಿಲ್ಲದೆ ಅಟ್ಟುವುದು, ಕೆಳಗಿನ ಸಿಬ್ಬಂದಿಗೆ ಆಸರೆ ಇಲ್ಲದಿರುವುದು, ಹೊಣೆಗಾರಿಕೆಯೇ ತಿರುವುಮುರುವಾಗಿರುವುದು ಕಾರಣವೆಂದು ಅಲ್ಲಿ ದಾಖಲಾಗಿದೆ. ಚಿಗವ್ವನನ್ನು ಕೊಂದದ್ದು ಅಜ್ಞಾನವಲ್ಲ ಎಂದು ಹೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು.

ಆರೋಗ್ಯ ನೀತಿಯನ್ನು ಆರೋಗ್ಯ ಇಲಾಖೆಯೊಂದೇ ಮಾಡುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಹರಿದು ಗಂಗಾವತಿ ಭತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾದ ಎರೆ-ಮಸಾರಿ ನೆಲಕ್ಕೆ ಸಿಕ್ಕಿದ್ದು ಬೋರ್‌ವೆಲ್. ಆಳಕ್ಕೆ ಇಳಿದಷ್ಟೂ ನೀರಿನಲ್ಲಿ ಫ್ಲೋರೈಡ್. ಹಲ್ಲು ಕಂದಿದ ಮಕ್ಕಳು, ಮೊಣಕಾಲು ಬಾಗದ ಮುದುಕರು ನಮ್ಮ ಸೀಮೆಯ ನೀರಾವರಿ ರಾಜಕಾರಣದ ದಾಖಲೆಗಳು. 2023ರ ಬೇಸಿಗೆಯ ಕೊನೆಗೆ ಕಲುಷಿತ ನೀರು ಕುಡಿದು ಬಸರಿಹಾಳ, ಬಿಜಕಲ್ ಊರುಗಳಲ್ಲಿ ವಾಂತಿ-ಬೇಧಿಯಾಗಿ ಜೀವ ಹೋದದ್ದು ಹಳೆಯ ಮಾತೇನಲ್ಲ.

ನಮ್ಮ ಹೆಣ್ಣುಮಕ್ಕಳನ್ನು ದೇವರ ಹೆಸರಲ್ಲಿ ಮುತ್ತು ಕಟ್ಟಿ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿತು. ಅವರ ಆರೋಗ್ಯದ ಗೊಡವೆ ಪ್ರಭುತ್ವಕ್ಕೆ ಆಗಲೂ ಇರಲಿಲ್ಲ. ಎಚ್‌ಐವಿ ಬಂದಾಗ ಮಾತ್ರ ಹಣ ಬಂತು, ಸಂಸ್ಥೆಗಳು ಬಂದವು, ಲೆಕ್ಕ ಬಂತು. ನಮ್ಮ ಅಕ್ಕ-ತಂಗಿಯರು ಕಾಗದದಲ್ಲಿ 'ಅಪಾಯದ ಗುಂಪು' ಆದರು. ಅಪಾಯ ಯಾರಿಂದ ಯಾರಿಗೆ? ಔಷಧಿ ಸಿಕ್ಕಿದ್ದು ಒಳ್ಳೆಯದೇ, ಎಷ್ಟೋ ಜೀವ ಉಳಿದವು. ಆದರೆ ಮುತ್ತು ಕಟ್ಟಿಸಿದ ಊರಿಗೆ ಯಾವ ಹೆಸರೂ ಬೀಳಲಿಲ್ಲ.

2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ 21 ಗುಲಬರ್ಗಾ ವಿಭಾಗದವು. ಕುಷ್ಟಗಿ, ಯಲಬುರ್ಗಾ ಆ ಪಟ್ಟಿಯಲ್ಲಿವೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ನಮ್ಮ ವಿಭಾಗದಲ್ಲೇ ಶುರುವಾಯಿತು. ಬಡವನಿಗೂ ಹೃದಯದ ಆಪರೇಶನ್ ಸಿಕ್ಕಿತು, ಅಂಥ ರೋಗಗಳಿಂದ ಸಾಯುವ ಬಡವರ ಸಂಖ್ಯೆ ತಗ್ಗಿತೆಂದು ಅಧ್ಯಯನವೂ ಹೇಳಿತು. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಆದರೆ ಸರ್ಕಾರದ ದುಡ್ಡು ದೂರದ ಊರುಗಳ ದೊಡ್ಡ ಆಸ್ಪತ್ರೆಗಳಿಗೆ ಹರಿಯಿತು. ಬಾಣಂತಿಯ ರಕ್ತ ನಿಲ್ಲಿಸಬೇಕಾದ ಹತ್ತಿರದ ದವಾಖಾನಿಗೆ ಆ ಯೋಜನೆಯಿಂದ ಏನು ಬಂತು ಎಂದೂ ಕೇಳಬೇಕು. ಕಾರ್ಡು ಹಂಚಿದರೆ ಫೋಟೋ ಬರುತ್ತದೆ, ನರ್ಸ್ ಹುದ್ದೆ ತುಂಬಿದರೆ ಬರುವುದಿಲ್ಲ.

2021ರ ಡಿಸೆಂಬರಿನಲ್ಲಿ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಸರ್ಕಾರ ಹೊರಟಿತು. ಅಪೌಷ್ಟಿಕತೆಯೇ ಕಾರಣವೆಂದು ಆದೇಶ ಹೇಳಿತ್ತು. ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು, ಮೊಟ್ಟೆ ಬೇಕು, ತಡೆದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಕ್ಯಾಮೆರಾ ಮುಂದೆ ಹೇಳಿದಳು. ಯೋಜನೆ ನಿಲ್ಲಲಿಲ್ಲ, ಮರುವರ್ಷ ರಾಜ್ಯದ ಉಳಿದ ಜಿಲ್ಲೆಗಳಿಗೂ ಹಬ್ಬಿತು. ತಟ್ಟೆಯಲ್ಲಿ ಏನಿರಬೇಕೆಂದು ತೀರ್ಮಾನಿಸುವ ಯಜಮಾನಿಕೆಯನ್ನು ಹಸಿದ ಹುಡುಗಿಯೊಬ್ಬಳು ಹೀಗೆ ಎದುರಾಬದುರಾ ಕೇಳಿದ್ದು ನಮ್ಮ ಸೀಮೆಯ ಚರಿತ್ರೆಯಲ್ಲಿ ಸಣ್ಣ ಮಾತಲ್ಲ.

371(ಜೆ) ಬಂತು. 2015ರಲ್ಲಿ ಕೊಪ್ಪಳಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಇವು ಹೋರಾಟದ ಫಲ. ಆದರೂ 'ಹಿಂದುಳಿದ ಪ್ರದೇಶ' ಎಂಬ ಮಾತಿನೊಳಗೆ ಕೇರಿ ಕಾಣಿಸುವುದಿಲ್ಲ. ನಮ್ಮೂರಿನ ಉಪಕೇಂದ್ರ ಗೌಡರು ಕೊಟ್ಟ ಜಾಗದಲ್ಲಿ ಗೌಡರ ಓಣಿಯಲ್ಲೇ ಎದ್ದಿತು. ಪ್ರದೇಶಕ್ಕೆ ಬಂದದ್ದೆಲ್ಲ ತಾನಾಗಿ ಕೇರಿಗೆ ಇಳಿಯುತ್ತದೆಂದು ನಂಬಿದರೆ ನಾವು ಮತ್ತೆ ಬಾಗಿಲಲ್ಲೇ ನಿಲ್ಲುತ್ತೇವೆ. ಪರಿಶಿಷ್ಟರ ಉಪಯೋಜನೆಗೆ 2013ರಲ್ಲಿ ಕಾಯ್ದೆ ಬಂತು. ಹಣವನ್ನು ಬೇರೆ ಕಾಮಗಾರಿಗೆ ತಿರುಗಿಸಲು ದಾರಿಯಾಗಿದ್ದ ಅದರ 7(ಡಿ) ಕಲಮು ಹೋಗಲು ಹತ್ತು ವರ್ಷದ ಕೂಗು ಬೇಕಾಯಿತು.

ಗೆಳೆಯರೇ, ಸಂಘಟನೆಯ ಹುಡುಗರಲ್ಲಿ ನನ್ನದೊಂದು ವಿನಂತಿ. ನಿಮ್ಮೂರಿನ ಉಪಕೇಂದ್ರದ ನರ್ಸ್ ಹುದ್ದೆ ಎಂದಿನಿಂದ ಖಾಲಿ ಇದೆ? ಆರೋಗ್ಯ ರಕ್ಷಾ ಸಮಿತಿಯಲ್ಲಿ ಕೇರಿಯವರು ಯಾರು? ಉಪಯೋಜನೆಯ ಆರೋಗ್ಯದ ಹಣ ಎಲ್ಲಿ ಖರ್ಚಾಯಿತು? ಮಾಹಿತಿ ಹಕ್ಕಿನಲ್ಲಿ ಕೇಳಿರಿ, ಗ್ರಾಮಸಭೆಯಲ್ಲಿ ನಿಂತು ಗಟ್ಟಿಯಾಗಿ ಓದಿರಿ. ಸತ್ತ ಬಾಣಂತಿಯರ ಹೆಸರು, ಅವರನ್ನು ಎಲ್ಲಿಂದ ಎಲ್ಲಿಗೆ ಅಟ್ಟಿದರೆಂಬ ದಾರಿ ಬರೆದಿಡಿ. ಚಿಗವ್ವನ ಚೀಟಿ ನನ್ನ ಹತ್ತಿರ ಇನ್ನೂ ಐತಿ. ಅದರ ಮೇಲೆ ಒಂದು ಸಹಿ ಇದೆ, ಹೊತ್ತು ಬರೆದಿಲ್ಲ.