ನಿರ್ವಾಹಕನಿಲ್ಲದ ಡೇಟಾಬೇಸ್: ಮೊಬೈಲ್ ಆ್ಯಪ್‌ಗಳಲ್ಲಿ ಮಾಹಿತಿ ಉಳಿಸುವ ಕ್ರಮದ ಚರಿತ್ರೆ

ಮೊಬೈಲಿನಲ್ಲಿ ಮಾಹಿತಿ ಉಳಿಸುವ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಜಾಗದ ಲೆಕ್ಕ ಹಿಡಿದು ಹೊರಡುತ್ತಾರೆ: ಕಿಲೋಬೈಟು ಮೆಗಾಬೈಟಾಯಿತು, ಮೆಗಾಬೈಟು ಗಿಗಾಬೈಟಾಯಿತು. ಲೆಕ್ಕ ಸರಿಯೇ, ಆದರೆ ಅದರಿಂದ ತಿಳಿಯುವುದು ಕಡಿಮೆ. ಬ್ಯಾಂಕು, ಕಚೇರಿಗಳ ಡೇಟಾಬೇಸಿಗೆ ಒಬ್ಬ ನಿರ್ವಾಹಕ ಇರುತ್ತಾನೆ. ಸರ್ವರ್ ನಿಂತರೆ ಎಬ್ಬಿಸುವುದು, ಬ್ಯಾಕಪ್ ತೆಗೆಯುವುದು, ಕೋಷ್ಟಕಕ್ಕೆ ಹೊಸ ಕಾಲಂ ಸೇರಿಸುವುದು ಅವನ ಪಾಲಿನ ಕೆಲಸ. ಜೇಬಿನ ಫೋನಿಗೆ ಅಂಥವನಿಲ್ಲ. ಅವನ ಕೆಲಸಗಳು ಕಾಲಕಾಲಕ್ಕೆ ಯಾರ ಹೆಗಲಿಗೆ ಬಿದ್ದವು ಎಂದು ಕೇಳುತ್ತಾ ಹೋಗುವುದು ಈ ಲೇಖನದ ಉದ್ದೇಶ.

1996ರಲ್ಲಿ ಬಂದ ಪೈಲಟ್ 1000 ಎಂಬ ಅಂಗೈ ಯಂತ್ರಕ್ಕೆ ಇದ್ದದ್ದು 128 ಕಿಲೋಬೈಟ್ ರ್‍ಯಾಮ್. ಅದರ ಪಾಮ್ ಓಎಸ್‌ನಲ್ಲಿ ಕಡತ, ಫೋಲ್ಡರುಗಳ ಏರ್ಪಾಡಿರಲಿಲ್ಲ. ‘ಡೇಟಾಬೇಸ್’ ಎಂದು ಕರೆದದ್ದು, ಕಿರಾಣಿ ಅಂಗಡಿಯ ಕಂಬಿಗೆ ಚುಚ್ಚಿದ ಚೀಟಿಗಳಂತೆ, ರೆಕಾರ್ಡುಗಳ ಒಂದು ಕಟ್ಟು. ಪ್ರತಿ ರೆಕಾರ್ಡಿಗೂ ವ್ಯವಸ್ಥೆ 3 ಬೈಟಿನ ಗುರುತು ಸಂಖ್ಯೆ ಕೊಡುತ್ತಿತ್ತು. ಬದಲಾಗಿದೆಯೇ, ಅಳಿಸಿದ್ದೇ, ಗುಟ್ಟಿನದೇ ಎಂಬುದಕ್ಕೆ ಒಂದೊಂದು ಬಿಟ್. ಒಳಗಿನ ಬೈಟುಗಳಲ್ಲಿ ಹೆಸರು ಎಲ್ಲಿ ಮುಗಿದು ಫೋನ್ ನಂಬರ್ ಎಲ್ಲಿ ಶುರುವಾಗುತ್ತದೆ ಎಂಬುದು ಆಯಾ ಆ್ಯಪಿಗಷ್ಟೇ ಗೊತ್ತು. ಬ್ಯಾಟರಿ ಪೂರ್ತಿ ಸತ್ತರೆ ರ್‍ಯಾಮೂ ಖಾಲಿ. ಹಾಟ್‌ಸಿಂಕ್ ಮೂಲಕ ಕಂಪ್ಯೂಟರಿಗೆ ನಕಲಿಸಿದ್ದರೆ ಮಾತ್ರ ಅಲ್ಲಿ ಪ್ರತಿ ಇರುತ್ತಿತ್ತು. ಅಂದರೆ ನಿರ್ವಾಹಕನ ಅರ್ಧ ಕೆಲಸವನ್ನು ಮೇಜಿನ ಮೇಲಿನ ಕಂಪ್ಯೂಟರ್ ಮಾಡುತ್ತಿತ್ತು.

2000ದಲ್ಲಿ ರೂಪುಗೊಂಡ ಎಂಐಡಿಪಿ ಎಂಬ ಜಾವಾ ನಿಯಮಾವಳಿ ಫೋನುಗಳಿಗೆ ‘ರೆಕಾರ್ಡ್ ಸ್ಟೋರ್’ ಕೊಟ್ಟಿತು. ಆ್ಯಪುಗಳ ಮಾಹಿತಿಗೆ ಕನಿಷ್ಠ 8 ಕಿಲೋಬೈಟ್ ಇರಲೇಬೇಕು ಎಂಬುದು ಅದರ ಷರತ್ತು. ಇಲ್ಲೂ ರೆಕಾರ್ಡ್ ಎಂದರೆ ಬರಿಯ ಬೈಟುಗಳ ಸಾಲು. ಬರೆದ ಅನುಕ್ರಮದಲ್ಲೇ ಓದಬೇಕು. ಹೊಸ ಆವೃತ್ತಿಯಲ್ಲಿ ನಡುವೆ ಒಂದು ಅಂಶ ಸೇರಿಸಿದರೆ ಹಳೆಯ ರೆಕಾರ್ಡನ್ನು ಹೊಸ ಕೋಡ್ ತಪ್ಪಾಗಿ ಓದುತ್ತಿತ್ತು. ಒಂದು ರೆಕಾರ್ಡಿನ ಬರವಣಿಗೆ ಅರ್ಧಕ್ಕೆ ನಿಲ್ಲದಂತೆ ಖಾತ್ರಿ ಇತ್ತು. ಎರಡು ರೆಕಾರ್ಡುಗಳು ಒಟ್ಟಿಗೆ ಬದಲಾಗಬೇಕೆಂದರೆ ಆ ಖಾತ್ರಿ ಇರಲಿಲ್ಲ.

ತಿರುವು ಬಂದದ್ದು ಫೋನಿನ ಲೋಕದಿಂದಲ್ಲ, ಯುದ್ಧನೌಕೆಯಿಂದ. ಅಮೆರಿಕದ ನೌಕಾಪಡೆಯ ಹಡಗೊಂದರ ತಂತ್ರಾಂಶಕ್ಕಾಗಿ ದುಡಿಯುತ್ತಿದ್ದ ಡಿ. ರಿಚರ್ಡ್ ಹಿಪ್ ಅವರಿಗೆ ಎದುರಾದ ತೊಡಕು ಸರಳವಾದದ್ದು: ಇನ್‌ಫಾರ್ಮಿಕ್ಸ್ ಡೇಟಾಬೇಸ್ ಸರ್ವರ್ ನಿಂತರೆ ಅವರ ಪ್ರೋಗ್ರಾಮೂ ನಿಲ್ಲುತ್ತಿತ್ತು. ಸರ್ವರೇ ಬೇಡ, ಪ್ರೋಗ್ರಾಮು ನೇರವಾಗಿ ಒಂದು ಫೈಲನ್ನು ಓದಲಿ ಎಂಬ ಯೋಚನೆಯಿಂದ 2000ದ ಆಗಸ್ಟಿನಲ್ಲಿ ಎಸ್‌ಕ್ಯೂಲೈಟ್ ಹೊರಬಂತು. ಮೊದಲ ಆವೃತ್ತಿ ಜಿಡಿಬಿಎಂ ಎಂಬ ಸಿದ್ಧ ಸಾಧನದ ಮೇಲೆ ನಿಂತಿತ್ತು. 2001ರ ಎರಡನೆಯ ಆವೃತ್ತಿಗೆ ಸ್ವಂತ ಬಿ-ಟ್ರೀ ರಚನೆಯೂ, ಹಲವು ಬದಲಾವಣೆಗಳನ್ನು ಒಟ್ಟಿಗೆ ಪಕ್ಕಾ ಮಾಡುವ ವ್ಯವಹಾರವೂ (ಟ್ರಾನ್ಸಾಕ್ಷನ್) ಬಂದವು. 2004ರ ಮೂರನೆಯ ಆವೃತ್ತಿಯ ಫೈಲ್ ವಿನ್ಯಾಸವೇ ಇಂದಿಗೂ ನಡೆದುಬಂದಿದೆ. ಹಕ್ಕುಸ್ವಾಮ್ಯವಿಲ್ಲದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟದ್ದೂ ಅದು ಇಷ್ಟು ಹರಡಲು ಕಾರಣ.

ಈ ಫೈಲಿನ ಒಳಗನ್ನು ಸ್ವಲ್ಪ ನಿಂತು ನೋಡಬೇಕು. ಕೋಷ್ಟಕವನ್ನು ಸೃಷ್ಟಿಸಿದ ಆಜ್ಞೆಯ ಪಠ್ಯ ಬಹುತೇಕ ಯಥಾವತ್ತಾಗಿ ಅದೇ ಫೈಲಿನ ಇನ್ನೊಂದು ಕೋಷ್ಟಕದಲ್ಲಿ ಕೂತಿರುತ್ತದೆ. ಮಾಹಿತಿಯ ಆಕಾರ ಆ್ಯಪಿನ ತಲೆಯೊಳಗೆ ಅಡಗಿಲ್ಲ, ಮಾಹಿತಿಯ ಜೊತೆಗೇ ಇದೆ. ಇನ್ನು ಬರೆಯುವ ವಿಧಾನ: ಒಂದು ಪುಟವನ್ನು ತಿದ್ದುವ ಮೊದಲು ಹಳೆಯ ಪುಟದ ನಕಲು ‘ಜರ್ನಲ್’ ಎಂಬ ಪಕ್ಕದ ಫೈಲಿಗೆ ಹೋಗುತ್ತದೆ. ಆಮೇಲೆ ಮೂಲದಲ್ಲಿ ತಿದ್ದುಪಡಿ. ಜರ್ನಲ್ ಅಳಿಸಿದ ಕ್ಷಣವೇ ವ್ಯವಹಾರ ಪಕ್ಕಾ ಆದಂತೆ. ನಡುವೆ ಬ್ಯಾಟರಿ ಕಳಚಿದರೆ ಜರ್ನಲ್ ಉಳಿದಿರುತ್ತದೆ; ಮುಂದೆ ಫೈಲನ್ನು ತೆರೆದವರು ಯಾರೇ ಇರಲಿ, ಹಳೆಯ ಪುಟಗಳು ತಾವಾಗಿ ಹಿಂದಿರುಗುತ್ತವೆ. ರಿಪೇರಿಗೆ ಯಾರನ್ನೂ ಕರೆಯಬೇಕಿಲ್ಲ. 2008ರ ಆಂಡ್ರಾಯ್ಡ್ ಎಸ್‌ಕ್ಯೂಲೈಟನ್ನು ವ್ಯವಸ್ಥೆಯ ಭಾಗವಾಗಿಸಿಕೊಂಡಿತು. ಮ್ಯಾಕ್‌ನಲ್ಲಿ 2005ರಿಂದ ಇದ್ದ, ಆ್ಯಪಿನ ಮಾಹಿತಿ ಉಳಿಸುವ ಕೋರ್ ಡೇಟಾ ಎಂಬ ಸಾಧನ 2009ರಲ್ಲಿ ಐಫೋನಿಗೆ ಬಂದಾಗ ಅದರ ಅಡಿಯಲ್ಲೂ ಎಸ್‌ಕ್ಯೂಲೈಟ್ ಇತ್ತು.

ಈ ಸುರಕ್ಷತೆಗೆ ಬೆಲೆಯೂ ಇತ್ತು. ಎಸ್‌ಕ್ಯೂಲೈಟ್ ಜರ್ನಲ್ ಬರೆದರೆ, ಆ ಜರ್ನಲಿಗೆ ಮತ್ತೆ ಕೆಳಗಿನ ಫೈಲ್ ವ್ಯವಸ್ಥೆ ತನ್ನದೊಂದು ಜರ್ನಲ್ ಬರೆಯುತ್ತಿತ್ತು. ಚಿಕ್ಕ ಬದಲಾವಣೆಗೂ ಫ್ಲ್ಯಾಷ್ ಮೆಮೊರಿಗೆ ದೊಡ್ಡ ಹೊರೆ. 2012–13ರ ಹೊತ್ತಿಗೆ ಸ್ಮಾರ್ಟ್‌ಫೋನ್ ಸಂಶೋಧಕರು ಈ ದುಪ್ಪಟ್ಟು ಬರವಣಿಗೆಯನ್ನು ಎತ್ತಿ ತೋರಿಸಿದರು. ಬದಲಾವಣೆಗಳನ್ನೇ ಮೊದಲು ಬೇರೆ ಫೈಲಿಗೆ ಸೇರಿಸುತ್ತಾ ಹೋಗುವ ‘ವಾಲ್’ ಕ್ರಮ ಎಸ್‌ಕ್ಯೂಲೈಟಿಗೆ 2010ರಲ್ಲೇ ಬಂದಿತ್ತು. ಆದರೂ ಅದರ ಒಂದು ರೂಪ ತಾನಾಗಿ ಜಾರಿಯಾಗಲು ಆಂಡ್ರಾಯ್ಡ್ 9ರ ತನಕ ಕಾಯಬೇಕಾಯಿತು.

ನಿರ್ವಾಹಕನ ಒಂದು ಕೆಲಸ ಮಾತ್ರ ಮಾಯವಾಗಲಿಲ್ಲ: ಕೋಷ್ಟಕದ ವಿನ್ಯಾಸ ಬದಲಿಸುವುದು. ಆಂಡ್ರಾಯ್ಡಿನಲ್ಲಿ ಅದಕ್ಕೆ ‘ಆನ್‌ಅಪ್‌ಗ್ರೇಡ್’ ಎಂಬ ಫಂಕ್ಷನ್. ಹಳೆಯ ಆವೃತ್ತಿ 3, ಹೊಸದು 9 ಎಂದು ವ್ಯವಸ್ಥೆ ಅದಕ್ಕೆ ಎರಡು ಸಂಖ್ಯೆ ಕೊಡುತ್ತದೆ. ಉಳಿದದ್ದೆಲ್ಲ ಡೆವಲಪರನ ಪಾಡು. ತಾನು ಎಂದೂ ಕಾಣದ ಸಾವಿರಾರು ಫೋನುಗಳ ರಿಪೇರಿಯನ್ನು ಅವನು ಮುಂಚಿತವಾಗಿ ಬರೆದಿಡಬೇಕು. 2017ರಲ್ಲಿ ಗೂಗಲ್ ತಂದ ‘ರೂಮ್’ ಎಂಬ ಲೈಬ್ರರಿ ಡೇಟಾಬೇಸಿಗೆ ಕೇಳುವ ಪ್ರಶ್ನೆಗಳ ತಪ್ಪನ್ನು ಕಂಪೈಲ್ ಹಂತದಲ್ಲೇ ಹಿಡಿಯುತ್ತದೆ. ಹಳೆಯ ವಿನ್ಯಾಸದಿಂದ ಹೊಸದಕ್ಕೆ ವಲಸೆಯ ಹೆಜ್ಜೆ ಬರೆಯದಿದ್ದರೆ ಆ್ಯಪ್ ಕುಸಿಯುತ್ತದೆ, ಇಲ್ಲವೇ ಕೋಷ್ಟಕಗಳನ್ನು ಅಳಿಸಿ ಹೊಸದಾಗಿ ಕಟ್ಟಲು ಅನುಮತಿ ಕೊಡಬೇಕು. ಆ ಅನುಮತಿಯ ಹೆಸರಿನಲ್ಲೇ ‘ಡಿಸ್ಟ್ರಕ್ಟಿವ್’ ಎಂಬ ಪದವಿದೆ. ಇಷ್ಟು ಪ್ರಾಮಾಣಿಕವಾಗಿ ಹೆಸರಿಟ್ಟದ್ದು ತಂತ್ರಾಂಶ ಲೋಕದಲ್ಲಿ ಅಪರೂಪ.

ಕನ್ನಡದ ಆ್ಯಪ್ ಬರೆಯುವವರಿಗೆ ಇನ್ನೊಂದು ಕೆಲಸವೂ ಉಳಿದಿದೆ. ಎಸ್‌ಕ್ಯೂಲೈಟ್ ತಾನಾಗಿ ಅಕ್ಷರಗಳನ್ನು ಬೈಟುಗಳ ಲೆಕ್ಕದಲ್ಲಿ ಹೋಲಿಸುತ್ತದೆ. ಯೂನಿಕೋಡಿನ ಭಾರತೀಯ ಲಿಪಿಗಳ ವಿಭಾಗಗಳು ಇಸ್ಕಿ ಎಂಬ ಹಳೆಯ ಸಂಕೇತದ ಜಾಡಿನಲ್ಲಿ ಬಂದವು. ಅಲ್ಲಿ ‘ಳ’ಕಾರದ ಜಾಗ ‘ಲ’ದ ಪಕ್ಕ, ‘ವ’ಕ್ಕಿಂತ ಮುಂಚೆ. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ದ ನಂತರ. ಆದ್ದರಿಂದ ಸ್ಥಳಗಳ ಪಟ್ಟಿಯಲ್ಲಿ ಬಳ್ಳಾರಿ ಮೊದಲು ಬಂದು ಬಸವನಗುಡಿ ಆಮೇಲೆ ಬರುತ್ತದೆ, ನಿಘಂಟಿನ ಕ್ರಮಕ್ಕೆ ತಿರುಗುಮುರುಗಾಗಿ. ಭಾಷೆಗೆ ತಕ್ಕ ಅನುಕ್ರಮಕ್ಕೆಂದು ಆಂಡ್ರಾಯ್ಡ್ ‘ಲೋಕಲೈಸ್ಡ್’ ಎಂಬ ಹೋಲಿಕೆಯನ್ನು ಸೇರಿಸಿದೆ, ಆದರೆ ಡೆವಲಪರ್ ಅದನ್ನು ಕೇಳಿ ಪಡೆಯಬೇಕು. ಅದಕ್ಕಾಗಿ ಆಂಡ್ರಾಯ್ಡಿನಲ್ಲಿ ಸಾಮಾನ್ಯವಾಗಿ ಪ್ರತಿ ಡೇಟಾಬೇಸಿನಲ್ಲೂ ಭಾಷೆಯ ಗುರುತು ಬರೆದಿಡುವ ಪುಟ್ಟ ಕೋಷ್ಟಕವೊಂದಿರುತ್ತದೆ. ಬಳಕೆದಾರ ಫೋನಿನ ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸಿದರೆ, ಡೇಟಾಬೇಸ್ ಮತ್ತೆ ತೆರೆದಾಗ ವ್ಯವಸ್ಥೆ ಆ ಗುರುತನ್ನು ನೋಡಿ ಸೂಚಿಗಳನ್ನು ಹೊಸದಾಗಿ ಕಟ್ಟುತ್ತದೆ.