ಸೂಜಿಯಿಲ್ಲದ ಅಕ್ಯುಪಂಕ್ಚರ್: ಅಲ್ಟ್ರಾಸೌಂಡ್ ವಿಧಾನದ ಪರಿಶೀಲನೆ

ಅಕ್ಯುಪಂಕ್ಚರ್ ಬಿಂದುಗಳಿಗೆ ಸೂಜಿ ಚುಚ್ಚುವ ಬದಲು ಅಲ್ಟ್ರಾಸೌಂಡ್ ಹಾಯಿಸುವ ವಿಧಾನವನ್ನು, ಅಂದರೆ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನಾಂಕದ ಧ್ವನಿತರಂಗಗಳ ಬಳಕೆಯನ್ನು, ಮಕ್ಕಳಿಗೂ ಸೂಜಿಗೆ ಅಂಜುವವರಿಗೂ ಅನುಕೂಲವೆಂಬ ಕಾರಣದಿಂದ ಸಮರ್ಥಿಸುವುದುಂಟು. ಆದರೆ ಸೂಜಿ ಮಾಡುವ ಕೆಲಸವನ್ನು ಧ್ವನಿ ಮಾಡಬಲ್ಲದೇ ಎಂಬುದು ಬೇರೆಯೇ ಪ್ರಶ್ನೆ.

ಚಿಕಿತ್ಸಕರು ಸೂಜಿಯನ್ನು ಚುಚ್ಚಿ ಸುಮ್ಮನಾಗದೆ ಬೆರಳುಗಳಿಂದ ತಿರುಗಿಸುತ್ತಾರೆ; ಆಗ ರೋಗಿಗೆ ಆಗುವ ಭಾರ, ಜೋಮು, ಮಂದನೋವುಗಳ ಅನುಭವಕ್ಕೆ ಚೀನೀ ಪರಂಪರೆಯಲ್ಲಿ ‘ದೆ ಚಿ’ ಎಂಬ ಹೆಸರಿದೆ. ಹೀಗೆ ತಿರುಗುವ ಸೂಜಿಗೆ ಚರ್ಮದಡಿಯ ಸಂಯೋಜಕ ಅಂಗಾಂಶದ ಎಳೆಗಳು ಸುತ್ತಿಕೊಳ್ಳುತ್ತವೆಂದು ಹೆಲೆನ್ ಲಾಂಜೆವಿನ್ ಅವರ ಅಧ್ಯಯನಗಳು ತೋರಿಸಿವೆ. ಇಲಿಗಳ ಮೊಣಕಾಲ ಕೆಳಗಿನ ‘ತ್ಸು ಸಾನ್ ಲಿ’ ಬಿಂದುವಿನಲ್ಲಿ ಸೂಜಿ ತಿರುಗಿಸಿದಾಗ ನೋವು ತಗ್ಗಿಸುವ ಅಡಿನೋಸಿನ್ ಎಂಬ ರಾಸಾಯನಿಕ ಅಲ್ಲಿ ಹೆಚ್ಚುತ್ತದೆಂದು 2010ರಲ್ಲಿ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ ವರದಿಮಾಡಿತು. ಅಲ್ಟ್ರಾಸೌಂಡ್ ಅಂಗಾಂಶವನ್ನು ಬಿಸಿಮಾಡುತ್ತದೆ, ಸೂಕ್ಷ್ಮವಾಗಿ ಕಂಪಿಸುವಂತೆ ಮಾಡುತ್ತದೆ; ಎಳೆಗಳನ್ನು ತಿರುಚುವುದಿಲ್ಲ. ಮೇಲಾಗಿ, ಸೂಜಿಯ ದಪ್ಪ ಸುಮಾರು 0.25 ಮಿಲಿಮೀಟರ್ ಆದರೆ 1 ಮೆಗಾಹರ್ಟ್ಸ್ ಧ್ವನಿಯ ತರಂಗಾಂತರವೇ ದೇಹದೊಳಗೆ ಸುಮಾರು 1.5 ಮಿಲಿಮೀಟರ್; ಫಿಸಿಯೋಥೆರಪಿಯಲ್ಲಿ ಜೆಲ್ ಹಚ್ಚಿ ಆಡಿಸುವ ಸಾಮಾನ್ಯ ಉಪಕರಣದ ತಲೆಯಂತೂ ಹಲವು ಚದರ ಸೆಂಟಿಮೀಟರ್‌ ವಿಸ್ತಾರವಿರುವುದರಿಂದ, ಅದು ತಲುಪುವುದು ಬಿಂದುವನ್ನಲ್ಲ, ಬಿಂದುವಿರುವ ಪ್ರದೇಶವನ್ನು.

ಬಿಂದುವಿನ ನಿಖರತೆಯೇ ವಿವಾದಾಸ್ಪದವೆಂಬುದೂ ನಿಜ. ಕಿರುಬೆರಳ ಪಕ್ಕದ ಪಾದಬಿಂದುವನ್ನು ಪ್ರಚೋದಿಸಿದರೆ ಮಿದುಳಿನ ದೃಷ್ಟಿಕ್ಷೇತ್ರ ಸಕ್ರಿಯಗೊಳ್ಳುತ್ತದೆಂದು 1998ರಲ್ಲಿ ಝಾಂಗ್-ಹೀ ಚೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧವನ್ನು 2006ರಲ್ಲಿ ಅದರ ಬಹುಪಾಲು ಲೇಖಕರೇ ಹಿಂತೆಗೆದುಕೊಂಡರು. ಆ ಪ್ರಬಂಧದ ಲೇಖಕರಲ್ಲೊಬ್ಬರಾದ ಜೋಯಿ ಜೋನ್ಸ್ ಬಿಂದುಗಳನ್ನು ಅಲ್ಟ್ರಾಸೌಂಡ್‌ನಿಂದ ಪ್ರಚೋದಿಸುವ ಪ್ರಯೋಗಗಳನ್ನೂ ನಡೆಸಿದ್ದವರು. ಬೆನ್ನುನೋವಿನ 1162 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಜರ್ಮನ್ ಅಧ್ಯಯನದಲ್ಲಿ ಶಾಸ್ತ್ರೋಕ್ತ ಸೂಜಿಯಿಂದ ಶೇ. 47.6, ಬಿಂದುಗಳಲ್ಲದೆಡೆ ಮೇಲುಮೇಲೆ ಚುಚ್ಚಿದ ಸೂಜಿಯಿಂದ ಶೇ. 44.2, ವಾಡಿಕೆಯ ಚಿಕಿತ್ಸೆಯಿಂದ ಶೇ. 27.4 ಮಂದಿ ಸುಧಾರಿಸಿದ್ದರು. ಚುಚ್ಚುವಿಕೆಗೂ ನಿರೀಕ್ಷೆಗೂ ಸಲ್ಲಬೇಕಾದ ಪಾಲು ಎಷ್ಟೆಂದು ಇಲ್ಲಿ ಬೇರ್ಪಡಿಸಲಾಗದು, ಏಕೆಂದರೆ ಹುಸಿ ಚಿಕಿತ್ಸೆಯೂ ಚುಚ್ಚುವಂಥದ್ದೇ, ಚುಚ್ಚುವವರಿಗಂತೂ ಅಸಲಿ-ಹುಸಿಗಳ ಗುಟ್ಟು ಗೊತ್ತೇ ಇರುತ್ತದೆ.

ಅಲ್ಟ್ರಾಸೌಂಡ್‌ನ ನಿಜವಾದ ಬೆಲೆ ಇರುವುದು ಇಲ್ಲಿ. ಬಿಸಿ ತಟ್ಟದಷ್ಟು ಕಡಿಮೆ ತೀವ್ರತೆಯಲ್ಲಿ, ಬಿಟ್ಟುಬಿಟ್ಟು ಹಾಯಿಸುವ ಧ್ವನಿ ರೋಗಿಯ ಅರಿವಿಗೆ ಬರುವುದಿಲ್ಲವಾದ್ದರಿಂದ, ಯಂತ್ರ ಚಾಲೂ ಇದೆಯೋ ಇಲ್ಲವೋ ಎಂಬುದನ್ನು ಕೊಡುವವರಿಂದಲೂ ಪಡೆಯುವವರಿಂದಲೂ ಮರೆಮಾಡಬಹುದು. ದೆ ಚಿ ಇಲ್ಲದಿರುವುದು ಬದಲಿ ಚಿಕಿತ್ಸೆಯಾಗಿ ಅದರ ಕೊರತೆ. ಪರೀಕ್ಷಾಸಾಧನವಾಗಿ ಅದೇ ಅದರ ಅರ್ಹತೆ. ಬಿಂದುವಿನ ಮೇಲೆ ಮತ್ತು ಅದರಿಂದ ದೂರದಲ್ಲಿ, ಚಾಲೂ ಮತ್ತು ಬಂದ್ ಸ್ಥಿತಿಗಳಲ್ಲಿ, ಒಂದೇ ಜೆಲ್, ಒಂದೇ ಒತ್ತಡ, ಒಂದೇ ಅವಧಿ ಇಟ್ಟು ನಾಲ್ಕು ಗುಂಪುಗಳನ್ನು ಹೋಲಿಸಿದರೆ ಧ್ವನಿಯ ಪರಿಣಾಮವನ್ನು ಬಿಂದುವಿನ ಪರಿಣಾಮದಿಂದ ಪ್ರತ್ಯೇಕಿಸಿ ಅಳೆಯಲು ಸಾಧ್ಯ.