ಪದ ಪರಿಚಯ: ಸರೀಕ

'ಸರೀಕರ ಮುಂದೆ ತಲೆ ತಗ್ಗಿಸೋ ಹಾಗಾಯ್ತು' ಎಂಬ ಮಾತು ದಾವಣಗೆರೆ ಕಡೆ ಇಂದಿಗೂ ಕೇಳಸಿಗುತ್ತದೆ. ಸರೀಕ ಎಂದರೆ ಸರಿಸಮಾನ. ಮೂಲ ಅರಬ್ಬಿಯ 'ಶರೀಕ್', ಅಂದರೆ ಪಾಲುದಾರ. ಕನ್ನಡದ 'ಸರಿ' ಕಿವಿಗೆ ಹೊಂದಿದ್ದರಿಂದಲೇ ಸಮಾನನೆಂಬ ಅರ್ಥ ಗಟ್ಟಿಯಾಗಿರಬೇಕು. ಇಂಗ್ಲಿಷಿನ 'ಪೀರ್' ಕೂಡ ಸಮ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು.

ಕಂಪ್ಯೂಟರ್ ಜಾಲದಲ್ಲಿ ಒಂದಕ್ಕೊಂದು ನೇರವಾಗಿ ಬೆಸೆದ ಯಂತ್ರಗಳನ್ನೂ 'ಪೀರ್' ಎನ್ನುತ್ತಾರೆ. ಬ್ರೌಸರುಗಳ ನಡುವೆ ಇಂಥ ನೇರ ಸಂಪರ್ಕ ಕಲ್ಪಿಸುವ ವೆಬ್‌ಆರ್‌ಟಿಸಿ 2021ರಲ್ಲಿ ವೆಬ್ ಮಾನಕ ಸಂಸ್ಥೆ ಡಬ್ಲ್ಯು3ಸಿಯ ಮಾನಕವಾಯಿತು. ಜಾವಾಸ್ಕ್ರಿಪ್ಟಿನಲ್ಲಿ ಈ ಸಂಪರ್ಕ ತೆರೆದರೆ ದಾವಣಗೆರೆಯ ಹಾಸ್ಟೆಲಿನ ಲ್ಯಾಪ್‌ಟಾಪಿನಿಂದ ಹರಿಹರದ ಮನೆಗೆ ಫೈಲು ನೇರವಾಗಿ ಹೋಗಬಲ್ಲದು. ಇಬ್ಬರಿಗೂ ಪರಿಚಯ ಮಾಡಿಸಲು ಸರ್ವರ್ ಬೇಕು. ಕೆಲವು ನೆಟ್‌ವರ್ಕ್‌ಗಳಲ್ಲಿ ಫೈಲನ್ನು ದಾಟಿಸಲೂ ಸರ್ವರ್ ಬೇಕಾಗುತ್ತದೆ. ಇದೇ ಸಂಪರ್ಕ ಬಳಸಿ ಫೈಲು ಹಂಚುವ ವೆಬ್‌ಟೊರೆಂಟ್‌ನಲ್ಲಂತೂ ಪಡೆಯುವವರೇ ಕೊಡುವವರು: ಕೈಸೇರಿದ ತುಣುಕನ್ನು, ಟ್ಯಾಬ್ ತೆರೆದಿರುವವರೆಗೆ, ಉಳಿದವರಿಗೂ ಹಂಚುತ್ತಾರೆ. ಸಮಾನರೂ ಹೌದು, ಪಾಲುದಾರರೂ ಹೌದು. 'ಪೀರ್'ಗೆ ಕನ್ನಡದಲ್ಲಿ 'ಸಹವರ್ತಿ' ಎನ್ನುವುದಕ್ಕಿಂತ 'ಸರೀಕ' ಎನ್ನುವುದೇ ಇಲ್ಲಿ ನನಗೆ ಹಿಡಿಸುತ್ತದೆ.